ಮೇಳದಲ್ಲಿ ಕಂಪ್ಯೂಟರ್ ಕೊಳ್ಳುವ ಮೊದಲು

ಕಾಫಿ, ಅಡಕೆ ಮಾರಿದ ಹಣ ಕೈಸೇರುವ ಹೊತ್ತಿಗೇ ಪೇಟೆಯಲ್ಲಿ ಎಲೆಕ್ಟ್ರಾನಿಕ್ಸ್ ಮೇಳದ ಚಪ್ಪರವೂ ಏಳುತ್ತದೆ. ತೋಟದ ಲೆಕ್ಕಕ್ಕೆಂದು 2023ರಲ್ಲಿ ನಾನೂ ಅಂಥದೊಂದು ಮೇಳದಿಂದ ಅರ್ಧ ಬೆಲೆಗೆ ಲ್ಯಾಪ್‌ಟಾಪ್ ತಂದೆ. ಯಾವುದೋ ಕಚೇರಿಯವರು ಬಳಸಿ ಬಿಟ್ಟದ್ದನ್ನು ಒರೆಸಿ ಇಟ್ಟಿದ್ದರೆಂದು ತಿಳಿದದ್ದು ಆಮೇಲೆ. ಮಳೆಗಾಲದಲ್ಲಿ ಹಾರ್ಡ್ ಡಿಸ್ಕ್ ಕೆಟ್ಟಿತು. ಆಳುಗಳ ಮುಂಗಡದ ಲೆಕ್ಕವೆಲ್ಲ ಹೋಗಿ, ಅವರವರು ಹೇಳಿದ್ದನ್ನೇ ನಂಬಿ ಚುಕ್ತಾ ಮಾಡಬೇಕಾಯಿತು. ಮಾರಿದವನ ಚಪ್ಪರ ಆಗಲೇ ಬೇರೆ ಊರು ಸೇರಿತ್ತು!

ಚೀಲದ ಬಾಯಲ್ಲಿರುವ ಅಡಕೆ ನೋಡಿ ದರ ಕಟ್ಟುವ ವ್ಯಾಪಾರಿ ಉಂಟೇ? ತಳಕ್ಕೆ ಕೈ ಹಾಕಿಯೇ ನೋಡುತ್ತಾನೆ. ನಾವೂ ಯಂತ್ರವನ್ನು ಅಲ್ಲೇ ಚಾಲೂ ಮಾಡಿಸಿ, ಪ್ರೊಸೆಸರ್ ಯಾವ ತಲೆಮಾರಿನದೆಂದು ಪರದೆಯ ಮೇಲೆ ನೋಡಬೇಕು. 'ಐ5' ಎಂಬ ಚೀಟಿ ಸಾಲದು; ಇಂಟೆಲ್‌ನ ಆ ಹೆಸರಿನ ಪ್ರೊಸೆಸರುಗಳು 2009ರಿಂದಲೇ ಬಂದಿವೆ. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ 8ನೆಯ ತಲೆಮಾರಿನದಾದರೂ ಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ.

ನಮ್ಮ ಲೆಕ್ಕಪತ್ರಕ್ಕೆ 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಧಾರಾಳ. ಹೆಚ್ಚಿನದು ಮಕ್ಕಳ ಆಟಕ್ಕೆ. ಹಳೆಯ ಯಂತ್ರವೇ ಸಾಕೆನ್ನುವವರನ್ನು ತಪ್ಪೆನ್ನಲಾರೆ, ಆದರೆ ಹಳೆಯದೆಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿರಿ. ಸೀರಿಯಲ್ ನಂಬರ್, ಅಂಗಡಿಯ ಖಾಯಂ ವಿಳಾಸ, ಜಿಎಸ್‌ಟಿ ಸಂಖ್ಯೆ ಇಲ್ಲದ ಬಿಲ್ಲಿಗೆ ಹಣ ಕೊಡಬೇಡಿರಿ. ಆ ಸೀರಿಯಲ್ ನಂಬರನ್ನು ತಯಾರಕರ ಜಾಲತಾಣದಲ್ಲಿ ಹಾಕಿದರೆ ವಾರಂಟಿ ಎಂದಿನವರೆಗೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಮೊಬೈಲಿನಲ್ಲಿ ಅಲ್ಲೇ ನೋಡಬಹುದು.

ಈಗ ನಾನು ಶನಿವಾರದ ಬಟವಾಡೆ ಮುಗಿದೊಡನೆ ಲೆಕ್ಕದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ಇಳಿಸಿ ಬೀರುವಿನಲ್ಲಿಡುತ್ತೇನೆ. ಮುಂಗಡದ್ದು ಮಾತ್ರ ಕೈಬರಹದ ಪುಸ್ತಕದಲ್ಲೂ ಇದೆ.