ಅಣಬೆ ಬಿಟ್ಟ ಹುಲ್ಲು, ಕುಂಡದ ಮಣ್ಣು

ತುಂಗಭದ್ರೆಯ ಕಾಲುವೆಗಳ ನೀರುಂಡು ಭತ್ತದ ಸೀಮೆಯೆಂದು ಹೆಸರಾದ ಸಿರುಗುಪ್ಪ ತಾಲೂಕಿನಲ್ಲಿ, ಕರೂರಿನಂಥ ಊರುಗಳ ಸುತ್ತ ಸುಗ್ಗಿ ತೀರಿದ ಮೇಲೆ ಉಳಿಯುವ ಹುಲ್ಲು ಒಂದಿಷ್ಟು ಬಣಿವೆಯೇರಿ ದನಗಳ ಪಾಲಾಗುವುದೂ, ಮತ್ತೊಂದಿಷ್ಟು ಗದ್ದೆಯಲ್ಲಿಯೇ ಬೆಂಕಿಯ ಪಾಲಾಗುವುದೂ ಎಲ್ಲರೂ ಬಲ್ಲ ಸಂಗತಿ. ಅದೇ ಹುಲ್ಲಿಗೆ ಮೂರನೆಯ ದಾರಿಯೊಂದುಂಟು: ಕತ್ತರಿಸಿ, ನೆನೆಸಿ, ಬಿಸಿನೀರಿನಲ್ಲಿ ಬೇಯಿಸಿ, ಅಣಬೆ ಬೀಜದೊಡನೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಅದು ಚಿಪ್ಪಣಬೆಗೆ ಆಹಾರವಾಗುತ್ತದೆ. ಬಳ್ಳಾರಿಯ ಬೇಸಿಗೆ ಈ ಬೆಳೆಗೆ ಒಗ್ಗದು. 20ರಿಂದ 30 ಡಿಗ್ರಿಯ ಹವೆ ಸಿಕ್ಕುವ ಮಳೆಗಾಲ, ಚಳಿಗಾಲಗಳೇ ಸರಿಯಾದ ಕಾಲ. ಎರಡು ಮೂರು ಕೊಯ್ಲು ಮುಗಿದ ಬಳಿಕ ಚೀಲದಲ್ಲುಳಿಯುವ ಹುಲ್ಲಿನ ಗಟ್ಟಿಯ ವಿಷಯದಲ್ಲಿಯೇ ಜನರಲ್ಲಿ ಪರಸ್ಪರ ವಿರುದ್ಧವಾದ ನಂಬಿಕೆಗಳು ನೆಲೆನಿಂತಿವೆ.

ಅಣಬೆಯು ಹುಲ್ಲಿನ ಸಾರವನ್ನೆಲ್ಲ ಹೀರಿಕೊಂಡಿತು, ಉಳಿದುದು ನಿಸ್ಸತ್ವ ಎಂಬುದು ಮೊದಲನೆಯದು. ಲೆಕ್ಕ ಹಾಕಿ ನೋಡೋಣ. ಒಂದು ಕಿಲೋ ಒಣಹುಲ್ಲಿನಿಂದ ಚೆನ್ನಾಗಿ ಬೆಳೆದವನಿಗೆ 600ರಿಂದ 800 ಗ್ರಾಂ ಹಸಿ ಅಣಬೆ ದೊರೆಯುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ ಆದುದರಿಂದ, ಹುಲ್ಲಿನಿಂದ ಬುಟ್ಟಿಗೆ ಬಂದ ಘನಪದಾರ್ಥ 60–80 ಗ್ರಾಂ ಮಾತ್ರ. ಇದಕ್ಕಿಂತ ಹೆಚ್ಚು ನಷ್ಟವಾಗುವುದು ಶಿಲೀಂಧ್ರದ ಉಸಿರಾಟದಲ್ಲಿ, ಇಂಗಾಲದ ಡೈ ಆಕ್ಸೈಡಿನ ರೂಪದಲ್ಲಿ. ಆದರೆ ಇಂಗಾಲ ಹೀಗೆ ಕಡಮೆಯಾದಷ್ಟೂ ಉಳಿದುದರಲ್ಲಿ ಸಾರಜನಕದ ಪ್ರಮಾಣ ಏರುವುದರಿಂದ ಈ ನಷ್ಟವೇ ಒಂದು ಬಗೆಯ ಲಾಭ. ದನದ ಹೊಟ್ಟೆಗೂ ಸುಲಭವಾಗಿ ಜೀರ್ಣವಾಗದ ಲಿಗ್ನಿನ್ ಎಂಬ ಗಡುಸು ಅಂಶವನ್ನು ಅಣಬೆಯ ಬಿಳಿಯ ಎಳೆಗಳು ಒಡೆದು ಮೆದುಮಾಡಿರುತ್ತವೆ.

ಇದನ್ನು ಕೇಳಿದವರು ಒಡನೆಯೇ ಎದುರು ದಿಕ್ಕಿಗೆ ಹೋಗುವುದುಂಟು: ಇಷ್ಟು ಒಳ್ಳೆಯದಾದರೆ ಚೀಲ ಹರಿದು ನೇರವಾಗಿ ಕುಂಡ ತುಂಬಬಾರದೇಕೆ ಎಂದು. ನನ್ನ ಅಭಿಪ್ರಾಯದಲ್ಲಿ ಗಿಡಗಳಿಗೆ ಹೆಚ್ಚು ಹಾನಿಯಾಗುವುದು ಈ ಉತ್ಸಾಹದಿಂದಲೇ. ಚೀಲದಿಂದ ಈಗತಾನೇ ತೆಗೆದ ಹುಲ್ಲಿನ ಕೊಳೆಯುವಿಕೆ ಇನ್ನೂ ಮುಗಿದಿರುವುದಿಲ್ಲ. ಆ ಕಾರ್ಯದಲ್ಲಿ ತೊಡಗಿದ ಸೂಕ್ಷ್ಮಜೀವಿಗಳು ತಮ್ಮ ದೇಹ ಕಟ್ಟಿಕೊಳ್ಳಲು ಮಣ್ಣಿನ ಸಾರಜನಕವನ್ನು ಗಿಡಕ್ಕಿಂತ ಮೊದಲೇ ಕಬಳಿಸುವುದರಿಂದ, ನೀರು ಬಿಸಿಲುಗಳಿಗೆ ಕೊರತೆಯಿಲ್ಲದಿದ್ದರೂ ಎಲೆಗಳು ಹಳದಿಯಾಗುತ್ತವೆ. ಅಲ್ಲದೆ ಹುಲ್ಲು ಕುಸಿದು, ತುಂಬಿದ ಕುಂಡ ಕೆಲವೇ ವಾರಗಳಲ್ಲಿ ಅರ್ಧಕ್ಕಿಳಿದು ಬೇರು ಬಯಲಾಗುತ್ತದೆ. ಆದುದರಿಂದ ಪ್ಲಾಸ್ಟಿಕ್ಕನ್ನು ಚೂರೂ ಉಳಿಯದಂತೆ ಬೇರ್ಪಡಿಸಿ, ಗಟ್ಟಿಯನ್ನು ಪುಡಿಮಾಡಿ, ಸೆಗಣಿ ಕಲಸಿ, ನೆರಳಿನ ತಿಪ್ಪೆಯಲ್ಲಿ ತೇವ ಆರದಂತೆ ಎರಡು ಮೂರು ತಿಂಗಳು ಇಟ್ಟು ಆಗಾಗ ಮಗುಚಬೇಕು. ಅಣಬೆ ಮನೆಯ ಬಾಗಿಲಲ್ಲೇ ಈ ತಿಪ್ಪೆ ಹಾಕುವವರು ನೊಣಗಳನ್ನೂ ರೋಗವನ್ನೂ ಮುಂದಿನ ಬೆಳೆಗೆ ತಾವಾಗಿಯೇ ಕರೆತರುತ್ತಾರೆ.

ಅಣಬೆಯ ತ್ಯಾಜ್ಯವೆಲ್ಲ ಒಂದೇ ಎಂದು ಬಗೆಯುವುದೂ ಸಲ್ಲದು. ಗುಂಡಿ ಅಣಬೆಯನ್ನು, ಅಂದರೆ ಬಟನ್ ಅಣಬೆಯನ್ನು, ಬೆಳೆಯುವುದು ಕೋಳಿಗೊಬ್ಬರ, ಜಿಪ್ಸಂ ಮೊದಲಾದವು ಸೇರಿದ ಕಾಂಪೋಸ್ಟಿನಲ್ಲಿ. ಅದರಲ್ಲಿ ಪೋಷಕಾಂಶ ಹೆಚ್ಚು, ಲವಣವೂ ಹೆಚ್ಚು. ಬರಿಯ ಭತ್ತದ ಹುಲ್ಲಿನ ಚಿಪ್ಪಣಬೆ ತ್ಯಾಜ್ಯ ಇದಕ್ಕಿಂತ ಸೌಮ್ಯ. ಸವುಳು ಹತ್ತಿದ ಗದ್ದೆಗಳನ್ನು ಕಂಡಿರುವ ಈ ಸೀಮೆಯ ರೈತನಿಗೆ ಲವಣದ ಹಾವಳಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಹಾವಳಿ ಕುಂಡದೊಳಗೂ ನಡೆಯಬಹುದೆಂಬುದನ್ನು ಮಾತ್ರ ನೆನಪಿನಲ್ಲಿಡತಕ್ಕದ್ದು. ಕಳಿತ ತ್ಯಾಜ್ಯ ಕಾಲು ಪಾಲು, ಹೆಚ್ಚೆಂದರೆ ಮೂರನೆಯ ಒಂದು ಪಾಲಿದ್ದರೆ ಸಾಕು; ಉಳಿದುದು ಮಣ್ಣು, ಮರಳು. ತೇವದಲ್ಲಿ ಅಂಟಿಕೊಂಡು ಒಣಗಿದರೆ ಬಿರುಕುಬಿಡುವ ನಮ್ಮ ಎರೆಮಣ್ಣು ಈ ಮಿಶ್ರಣದಿಂದ ಸಡಿಲವಾಗಿ ಬೇರಿಗೆ ಗಾಳಿಯಾಡಲು ಎಡೆಕೊಡುತ್ತದೆ.

ಇನ್ನು ಶಿಲೀಂಧ್ರದ ಭಯ. ಅಣಬೆಯ ಎಳೆ ಗಿಡದ ಬೇರನ್ನು ತಿಂದುಹಾಕೀತೆಂದು ಅಂಜುವವರಿದ್ದಾರೆ. ಆದರೆ ಚಿಪ್ಪಣಬೆ ಮುಖ್ಯವಾಗಿ ಸತ್ತ ಸಸ್ಯಭಾಗಗಳನ್ನು ಆಶ್ರಯಿಸಿ ಬಾಳುವುದು, ತುಳಸಿಯ ಬೇರನ್ನೋ ಬದನೆಯ ಬೇರನ್ನೋ ಅರಸಿ ಹೋಗುವುದಲ್ಲ. ಹಳೆಯ ಚೀಲಗಳಲ್ಲಿ ಕಾಣುವ ಹಸಿರು ಬೂಷ್ಟು ಬಹುಮಟ್ಟಿಗೆ ಟ್ರೈಕೊಡರ್ಮಾ ವರ್ಗಕ್ಕೆ ಸೇರಿದುದು: ಅಣಬೆ ಬೆಳೆಗಾರನಿಗೆ ಪರಮ ಶತ್ರು. ವಿನೋದವೆಂದರೆ, ಅದೇ ವರ್ಗದ ಬೇರೆ ಪ್ರಭೇದಗಳನ್ನು ಬೇರುಕೊಳೆ ತಡೆಯಲೆಂದು ರೈತರು ಅಂಗಡಿಯಿಂದ ಹಣಕೊಟ್ಟು ತರುತ್ತಾರೆ. ಕುಂಡದಲ್ಲಿ ಒಮ್ಮೊಮ್ಮೆ ಕೊಡೆಯೊಂದು ತಲೆಯೆತ್ತಿದರೆ ಗಿಡಕ್ಕೆ ಭಯವಿಲ್ಲ; ಚಿಪ್ಪಣಬೆಯೇ ಇರಬೇಕೆಂದು ಊಹಿಸಿ ಪಲ್ಯಕ್ಕೆ ಹಾಕುವ ಮನುಷ್ಯನಿಗೆ ಭಯವುಂಟು, ಏಕೆಂದರೆ ಬಯಲಿನ ಗಾಳಿಯಲ್ಲಿ ಬಂದ ಇನ್ನಾವುದೋ ಅಣಬೆ ಅದಾಗಿರಬಹುದು.

ತಿಪ್ಪೆ ಹದಕ್ಕೆ ಬಂದಿತೋ ಇಲ್ಲವೋ ಎಂಬ ಸಂದೇಹವಿದ್ದರೆ ಒಂದು ಹಳೆಯ ಡಬ್ಬಿಯಲ್ಲಿ ಆ ಗೊಬ್ಬರವನ್ನೂ ಇನ್ನೊಂದರಲ್ಲಿ ಬರಿಯ ಮಣ್ಣನ್ನೂ ತುಂಬಿ, ಎರಡರಲ್ಲಿಯೂ ಹಿಡಿಯಷ್ಟು ಹೆಸರುಕಾಳು ಬಿತ್ತಬಹುದು. ವಾರದೊಳಗೆ ಎರಡರ ಮೊಳಕೆಗಳೂ ಸಮನಾಗಿ ಎದ್ದರೆ ಗೊಬ್ಬರ ಕುಂಡಕ್ಕೆ ಸಿದ್ಧ. ಗೊಬ್ಬರದ ಡಬ್ಬಿಯವು ಮೊಳೆಯದೆ ಹೋದರೆ, ಇಲ್ಲವೆ ಎಲೆಯಂಚು ಕರಕಾದರೆ, ರಾಶಿಗೆ ನೀರು ಹಾಯಿಸಿ ಲವಣವನ್ನು ಬಸಿಯಗೊಟ್ಟು ಇನ್ನೊಂದು ತಿಂಗಳು ಬಿಡತಕ್ಕದ್ದು.