ಆರು ಚದರಡಿಯಲ್ಲಿ ಐದು ಹ್ಯಾಟೆಗಳು

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತದ ಮಳೆಗೆ ಚೆನ್ನೈ ಮುಳುಗಿದಾಗ ಪೆರಂಬೂರಿನ ನಮ್ಮ ತಾರಸಿಯ ಐದು ಹ್ಯಾಟೆಗಳು ನಾಲ್ಕು ದಿನ ಗೂಡು ಬಿಟ್ಟು ಹೊರಗೆ ಬರಲಿಲ್ಲ. ಐದನೆಯ ಬೆಳಿಗ್ಗೆ ಬಾಗಿಲು ತೆಗೆದರೆ, ಎಲ್ಲಕ್ಕಿಂತ ಸಾಧುವಾಗಿದ್ದ ಕಂದು ಹ್ಯಾಟೆಯ ಬಾಲದ ಬುಡದಲ್ಲಿ ಒಂದು ಪುಕ್ಕವೂ ಉಳಿದಿರಲಿಲ್ಲ. ಬೋಳು ಚರ್ಮದ ಮೇಲೆ ರಕ್ತ ಒಣಗಿತ್ತು. ಎರಡು ದಿನದಿಂದ ಮೊಟ್ಟೆಯೂ ಇಲ್ಲ. ಕೆಳಮನೆಯಾಕೆ "ಏನೋ ರೋಗ ಬಂದಿದೆ, ಕೊಯ್ದುಬಿಡಿ" ಎಂದರು. ಹೊಸಕೋಟೆ ಕಡೆಯವರಾದ ನಮ್ಮತ್ತೆ ಒಪ್ಪಲಿಲ್ಲ. "ರೋಗ ಅಲ್ಲ ಕಣಮ್ಮ. ಮಂಕರಿ ಕೆಳಗೆ ಎರಡು ದಿನ ಮುಚ್ಚಿಟ್ರೆ ಕೋಳಿ ಹಿಂಗೇ ಆಡ್ತದೆ."

ಅತ್ತೆಯ ಮಾತು ಕೇಳಿ ಅಳತೆಪಟ್ಟಿ ತಂದೆ. ಗೂಡು ಮೂರು ಅಡಿ ಉದ್ದ, ಎರಡು ಅಡಿ ಅಗಲ. ಒಟ್ಟು ಆರು ಚದರಡಿ. ಐದು ಕೋಳಿಗೆ ಹಂಚಿದರೆ ತಲೆಗೆ ಸುಮಾರು 1115 ಚದರ ಸೆಂಟಿಮೀಟರ್.

ಈ ಅಂಕಿ ಸಾಕೋ ಸಾಲದೋ ಎಂದು ಹೇಳಲು ಒಂದು ಹಳೆಯ ಅಧ್ಯಯನವಿದೆ. 1989ರಲ್ಲಿ ಬ್ರಿಟನ್ನಿನ ಮರಿಯನ್ ಸ್ಟಾಂಪ್ ಡಾಕಿನ್ಸ್ ಮತ್ತು ಹಾರ್ಡಿ ಎಂಬ ವಿಜ್ಞಾನಿಗಳು ಮೊಟ್ಟೆಕೋಳಿಗಳನ್ನು ಮೇಲಿನಿಂದ ಚಿತ್ರೀಕರಿಸಿ, ಒಂದೊಂದು ಕೆಲಸಕ್ಕೆ ಕೋಳಿಯ ಮೈ ಎಷ್ಟು ಜಾಗ ಹಿಡಿಯುತ್ತದೆ ಎಂದು ಅಳೆದರು. ಸುಮ್ಮನೆ ನಿಲ್ಲಲು ಸರಾಸರಿ 475 ಚದರ ಸೆಂಟಿಮೀಟರ್ ಸಾಕು. ನೆಲ ಕೆರೆಯಲು 856, ಕೊಕ್ಕಿನಿಂದ ಗರಿ ತಿದ್ದಿಕೊಳ್ಳಲು 1151, ಇದ್ದಲ್ಲೇ ಒಂದು ಸುತ್ತು ತಿರುಗಲು 1272, ಎರಡೂ ರೆಕ್ಕೆ ಬಡಿಯಲು 1876 ಬೇಕು. ನಮ್ಮ ಗೂಡಿನಲ್ಲಿ ಒಂದು ಕೋಳಿಯ ಪಾಲಿನ ಜಾಗದಲ್ಲಿ ಅದು ನಿಲ್ಲಬಹುದಿತ್ತು, ಕೆರೆಯಬಹುದಿತ್ತು. ಪಕ್ಕದವಳ ಜಾಗಕ್ಕೆ ನುಗ್ಗದೆ ತಿರುಗಲು ಆಗುತ್ತಿರಲಿಲ್ಲ. ಐದೂ ಒಟ್ಟಿಗೆ ರೆಕ್ಕೆ ಬಡಿಯುವುದಿಲ್ಲ, ಜಾಗವನ್ನು ಹಂಚಿಕೊಳ್ಳುತ್ತವೆ, ನಿಜ. ಒಂದು ಬಡಿಯುವಾಗ ಉಳಿದವು ಒತ್ತರಿಸಿ ನಿಲ್ಲುತ್ತವೆ. ರಾತ್ರಿ ಮಲಗಲಷ್ಟೇ ಆದರೆ ಈ ಗೂಡು ನಡೆಯುತ್ತದೆ. ನಾಲ್ಕು ಹಗಲು ಬಾಳುವುದಕ್ಕೆ ನಡೆಯುವುದಿಲ್ಲ.

ಕೋಳಿಯ ಮೂಲ ಕೆಂಪು ಕಾಡುಕೋಳಿ. ಕಾಡಿನಲ್ಲಿ ಅದು ಹಗಲಿನ ಬಹುಪಾಲನ್ನು ತರಗೆಲೆ ಕೆದಕಿ, ಹುಳ ಹೆಕ್ಕಿ, ಬೀಜ ಆರಿಸಿ ಕಳೆಯುತ್ತದೆ. ಎದುರಿಗೆ ಕಾಳಿನ ಬಟ್ಟಲು ತುಂಬಿಟ್ಟರೂ ಸಾಕುಕೋಳಿಗೆ ಆ ತುಡಿತ ಹೋಗಿಲ್ಲ. ಹೊಟ್ಟೆ ತುಂಬಿದರೂ ಕೊಕ್ಕಿಗೆ ಕೆಲಸ ಬೇಕು. ಕೆದಕಲು ನೆಲ ಸಿಗದಿದ್ದರೆ ಕೊಕ್ಕು ಪಕ್ಕದ ಕೋಳಿಯ ಗರಿಗೆ ಹೋಗುತ್ತದೆ. ಕಂದು ಹ್ಯಾಟೆಗೆ ಆದದ್ದು ಇದೇ. ಜಗಳದಲ್ಲಿ ಕೋಳಿ ಕುಕ್ಕುವುದು ತಲೆಗೆ, ಜುಟ್ಟಿಗೆ. ಬೆನ್ನು ಮತ್ತು ಬಾಲದ ಬುಡದ ಗರಿ ಕಿತ್ತಿದ್ದರೆ ಅದು ಸಾಮಾನ್ಯವಾಗಿ ಸಿಟ್ಟಲ್ಲ, ದಿಕ್ಕು ತಪ್ಪಿದ ಆಹಾರ ಹುಡುಕಾಟ. ಗಾಯ ಎಲ್ಲಿದೆ ಎಂದು ನೋಡಿದರೆ ಅರ್ಧ ಕಾರಣ ಅಲ್ಲೇ ಗೊತ್ತಾಗುತ್ತದೆ. ರಕ್ತ ಕಂಡರೆ ಮಾತ್ರ ತಡಮಾಡಬಾರದು. ಕೆಂಪು ಬಣ್ಣ ಉಳಿದವನ್ನೂ ಸೆಳೆಯುತ್ತದೆ, ಗಾಯಗೊಂಡ ಕೋಳಿಯನ್ನು ಆಗಲೇ ಬೇರೆ ಮಾಡಬೇಕು.

ಇನ್ನು ನಿಜವಾದ ಜಗಳದ ಮಾತು. ನಾರ್ವೆಯ ಥಾರ್ಲೀಫ್ ಷೆಲ್ಡರಪ್-ಎಬ್ಬೆ ಚಿಕ್ಕಂದಿನಿಂದ ಮನೆಯ ಕೋಳಿಗಳನ್ನು ನೋಡುತ್ತ ಬೆಳೆದವನು. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬುದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ ಎಂದು 1920ರ ದಶಕದ ಆರಂಭದಲ್ಲಿ ತೋರಿಸಿದ. ಈ ಕ್ರಮ ಹಿಂಡಿನ ಶಾಂತಿಗೆ ಆಧಾರ. ಕೆಳಗಿನ ಕೋಳಿ ತಲೆ ತಗ್ಗಿಸಿ ಎರಡು ಹೆಜ್ಜೆ ಹಿಂದೆ ಸರಿದರೆ ಮೇಲಿನದು ಸುಮ್ಮನಾಗುತ್ತದೆ. ಆ ಎರಡು ಹೆಜ್ಜೆಗೆ ಜಾಗವಿಲ್ಲದ ಗೂಡಿನಲ್ಲಿ ಸೋತ ಕೋಳಿ ಸೋತೆನೆಂದು ಹೇಳುವ ದಾರಿಯೇ ಮುಚ್ಚಿಹೋಗುತ್ತದೆ. ಅದು ಮೂಲೆ ಹಿಡಿದು ಕೂರುತ್ತದೆ, ಕಾಳಿಗೂ ನೀರಿಗೂ ಬರುವುದಿಲ್ಲ, ಬಡವಾಗುತ್ತದೆ. ಹೊಸ ಕೋಳಿ ತಂದು ಬಿಡುವವರು ಒಂದು ಲೆಕ್ಕ ನೆನಪಿಡಬೇಕು: ಐದು ಕೋಳಿಗಳ ನಡುವೆ ತೀರ್ಮಾನವಾಗಬೇಕಾದ ಜೋಡಿಗಳು ಹತ್ತು. ಎರಡು ಸೇರಿಸಿದರೆ ಇಪ್ಪತ್ತೊಂದು.

ಚೆನ್ನೈಯಲ್ಲಿ ಜಾಗದ ಲೆಕ್ಕ ಮಳೆಗಾಲದಲ್ಲಷ್ಟೇ ಕೆಡುವುದಿಲ್ಲ. ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲೂ ಇದೇ ಕಥೆ. ಕೋಳಿಗೆ ಬೆವರುಗ್ರಂಥಿ ಇಲ್ಲ. ಮೈಯ ಶಾಖ ಸಾಮಾನ್ಯವಾಗಿಯೇ 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಬಾಯಿ ತೆರೆದು ಏದುಸಿರು ಬಿಡುವುದೇ ಅದಕ್ಕಿರುವ ದಾರಿ. ರೆಕ್ಕೆ ಅಗಲಿಸಲು ಜಾಗ ಬೇಕು, ಒತ್ತಿನಿಂತ ಮೈಗಳು ಒಂದನ್ನೊಂದು ಇನ್ನಷ್ಟು ಕಾಯಿಸುತ್ತವೆ. ಏದುಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ ರಕ್ತದ ರಾಸಾಯನಿಕ ಸಮತೋಲ ಏರುಪೇರಾಗುತ್ತದೆ, ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ತಾರಸಿ ಇಪ್ಪತ್ತು ಅಡಿ ಇದ್ದರೇನು, ಮಧ್ಯಾಹ್ನ ಕೋಳಿಗೆ ಸಿಗುವುದು ನೀರಿನ ಟ್ಯಾಂಕಿನ ನೆರಳಷ್ಟೇ. ಕೋಳಿಯ ಜಾಗ ಎಂದರೆ ಅತಿ ಕೆಟ್ಟ ದಿನ ಅದಕ್ಕೆ ಬಳಸಲು ಸಿಗುವ ಜಾಗ.

ಬರೀ ಸಿಮೆಂಟಿನ ಮೇಲೆ ಕೋಳಿ ಮಗ್ಗುಲಾಗಿ ಬಿದ್ದು ಕಾಲು ಆಡಿಸಿ, ಇಲ್ಲದ ಮಣ್ಣನ್ನು ರೆಕ್ಕೆಗೆ ಎರಚಿಕೊಳ್ಳುವುದನ್ನು ನೀವು ನೋಡಿರಬಹುದು. ಮಕ್ಕಳಿಗೆ ನಗು ಬರುತ್ತದೆ. ನನಗೆ ನೋಡಲಾಗುವುದಿಲ್ಲ. ಧೂಳಿನಲ್ಲಿ ಹೊರಳುವುದು ಕೋಳಿಯ ಸ್ನಾನ: ಗರಿಯ ಹಳೆಯ ಜಿಡ್ಡು ಹೋಗುತ್ತದೆ, ಹೇನು ಉದುರುತ್ತದೆ. ಮಣ್ಣು ಸಿಗದ ಕೋಳಿ ಆ ಸ್ನಾನವನ್ನು ಬರಿ ನೆಲದಲ್ಲೇ ಅಭಿನಯಿಸುತ್ತದೆ. ಹಳೆಯ ಟಬ್ಬಿನಲ್ಲಿ ಒಣ ಮರಳು, ಮಣ್ಣು, ಒಲೆಯ ಬೂದಿ ಹಾಕಿ ಮಳೆ ತಾಗದಂತೆ ಇಟ್ಟರೆ ಸಾಕು.

ಎಲ್ಲ ಬದಲಾವಣೆಯೂ ಜಾಗದ ದೂರಲ್ಲ. ಗೂಡು ಬಿಟ್ಟೇಳದೆ ಗರಿಯುಬ್ಬಿಸಿ ಗುರುಗುಟ್ಟುವ ಹ್ಯಾಟೆ ಕಾವಿಗೆ ಕೂತಿದೆ. ವರ್ಷಕ್ಕೊಮ್ಮೆ ಪುಕ್ಕ ಉದುರಿ ಹೊಸದು ಬರುವುದು, ಆಗ ಮೊಟ್ಟೆ ನಿಲ್ಲುವುದು ಸಹಜ. ಆದರೆ ಕಣ್ಣು ಮುಚ್ಚಿ ತೂಗಡಿಸುವುದು, ಹಸಿರು ಹಿಕ್ಕೆ, ಕತ್ತು ತಿರುಚಿಕೊಳ್ಳುವುದು ಕೊಕ್ಕರೆ ರೋಗದ ಗುರುತಾಗಿರಬಹುದು. ಅಂಥ ಕೋಳಿಯನ್ನು ಬೇರೆ ಇಟ್ಟು ಪಶುವೈದ್ಯರಿಗೆ ತೋರಿಸಬೇಕು. ವೇಪೇರಿಯಲ್ಲಿ 1903ರಿಂದ ಇರುವ ಮದ್ರಾಸ್ ಪಶುವೈದ್ಯ ಕಾಲೇಜು ನಮ್ಮ ಊರಿನ ಭಾಗ್ಯ.

ನಮ್ಮಲ್ಲಿ ನೆಲದ ಮೇಲೆ ಹೊಟ್ಟು ಹಾಸಿ ಸಾಕುವ ಮೊಟ್ಟೆಕೋಳಿಗೆ ತಲೆಗೆ ಎರಡು ಚದರಡಿ ಎಂಬ ವಾಡಿಕೆಯ ಅಳತೆಯಿದೆ. ಅಂದರೆ 1858 ಚದರ ಸೆಂಟಿಮೀಟರ್, ಡಾಕಿನ್ಸ್ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದು ಸಲ ರೆಕ್ಕೆ ಬಡಿಯುವಷ್ಟು. ಇದನ್ನು ನಾನು ಕನಿಷ್ಠವೆಂದು ಎಣಿಸುತ್ತೇನೆ, ಅದೂ ಹಗಲು ಹೊರಗೆ ಓಡಾಡುವ ಕೋಳಿಗೆ. ಹೆಬ್ಬಾಳದ ಗಿರಿರಾಜದಂಥ ದೊಡ್ಡ ಮೈಯ ತಳಿಗೆ ಇನ್ನೂ ಹೆಚ್ಚು ಬೇಕು. ಮಲಗಲು ಅಡ್ಡಕೋಲಿನ ಮೇಲೆ ತಲೆಗೆ ಒಂದು ಗೇಣು, ನಾಲ್ಕೈದು ಹ್ಯಾಟೆಗೆ ಮೊಟ್ಟೆಯಿಡಲು ಒಂದು ಕತ್ತಲ ಪೆಟ್ಟಿಗೆ. ಕಾಳು, ನೀರು ಎರಡು ಕಡೆ ಇಟ್ಟರೆ ಕೆಳಗಿನ ಕೋಳಿಗೂ ಪಾಲು ಸಿಗುತ್ತದೆ.

ನಾವು ಗೂಡಿನ ಪಕ್ಕಕ್ಕೆ ಆರು ಅಡಿಗೆ ನಾಲ್ಕು ಅಡಿಯ ತಂತಿಬಲೆಯ ಅಂಗಳ ಸೇರಿಸಿ, ಮೇಲೆ ಶೀಟು ಹಾಕಿ, ನೆಲಕ್ಕೆ ಭತ್ತದ ಹೊಟ್ಟು ಹರಡಿ, ಅದರಲ್ಲೇ ದಿನಕ್ಕೆರಡು ಹಿಡಿ ಕಾಳು ಎರಚತೊಡಗಿದೆವು. ಕಂದು ಹ್ಯಾಟೆಯನ್ನು ಗಾಯ ಒಣಗುವ ತನಕ ಬೇರೆ ಇಟ್ಟೆವು. ಪೊಂಗಲ್ ಕಳೆದು ಕೆಲವು ವಾರಕ್ಕೆ ಬಾಲದ ಬುಡದಲ್ಲಿ ಹೊಸ ಪುಕ್ಕ ಮೂಡಿತು. ಚೆನ್ನೈಯಲ್ಲಿ ಕೋಳಿ ಸಾಕುವವರು ದೀಪಾವಳಿಗೆ ಮೊದಲು, ಹಿಂಗಾರು ಹಿಡಿಯುವ ಮುನ್ನ, ಒಮ್ಮೆ ಗೂಡು ಅಳೆದು ನೋಡಿ. ಮಳೆ ತಾಗದ ನೆಲವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.