ನಾಚಿಕೆ ಬಿಡಿ, ಚೀಟಿ ಹಿಡಿಯಿರಿ



ಸಂಘದ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಹುಬ್ಬೇರಿಸಬೇಡಿ. ನಮ್ಮ ಮನೆಗಳಲ್ಲಿ ನೆಗಡಿ, ಕೆಮ್ಮು, ಹೊಟ್ಟೆನೋವಿನ ಬಗ್ಗೆ ಊಟಕ್ಕೆ ಕುಳಿತಾಗಲೂ ಮಾತನಾಡುತ್ತೇವೆ. ಆದರೆ ಸೊಂಟದ ಕೆಳಗೆ ತುರಿಕೆ, ಉರಿ ಎಂದರೆ ಎಲ್ಲರ ಬಾಯಿಗೂ ಬೀಗ. ಅಮ್ಮನಿಗೆ ಹೇಳಿದರೆ "ಉಷ್ಣ ಆಗಿದೆ, ಎಳನೀರು ಕುಡಿ" ಎನ್ನುತ್ತಾರೆ. ಅಜ್ಜಿ "ಬಿಳಿ ಹೋಗ್ತದಾ ಮಗಾ?" ಎಂದು ಪಿಸುಗುಟ್ಟಿ ಮೆಂತ್ಯ ನೆನೆಹಾಕುತ್ತಾರೆ. ಕೊನೆಗೆ ಕಾಲೇಜಿನ ಗೆಳತಿ ಮಾತ್ರೆಯ ಹೆಸರೊಂದನ್ನು ಕಾಗದದ ಚೂರಿನಲ್ಲಿ ಬರೆದುಕೊಡುತ್ತಾಳೆ. ಸ್ಟೇಶನ್ ಪಕ್ಕದ ಔಷಧಿ ಅಂಗಡಿಯವನು ತಲೆಯೆತ್ತದೆ ಅದನ್ನು ಕೊಡುತ್ತಾನೆ. ಒಂದೇ ಮಾತ್ರೆ, ಒಂದು ಗುಟುಕು ನೀರು. ಕಥೆ ಮುಗಿಯಿತೇ?

ಕೆಲವೊಮ್ಮೆ ಮುಗಿಯುತ್ತದೆ. ಎಷ್ಟೋ ಸಲ ಮುಗಿಯುವುದಿಲ್ಲ. ಏಕೆಂಬುದನ್ನು ನೋಡೋಣ.

ಯಾರಿದು ಈ ಕ್ಯಾಂಡಿಡಾ?

ಯೀಸ್ಟ್ ಎಂದರೆ ಒಂದೇ ಜೀವಕೋಶದ ಶಿಲೀಂಧ್ರ. ವಡಾಪಾವಿನ ಪಾವ್ ಉಬ್ಬಿಸುವುದೂ ಒಂದು ಯೀಸ್ಟೇ. ನಮಗೆ ತೊಂದರೆ ಕೊಡುವ 'ಕ್ಯಾಂಡಿಡಾ' ಅದರ ದೂರದ ನೆಂಟ. ಪಾವ್ ತಿಂದದ್ದರಿಂದ ಈ ಸೋಂಕು ಬರುವುದಿಲ್ಲ, ಹೆದರಬೇಡಿ. ಆರೋಗ್ಯವಂತರ ಬಾಯಿ, ಕರುಳು, ಯೋನಿಗಳಲ್ಲೂ ಕ್ಯಾಂಡಿಡಾ ಸದ್ದಿಲ್ಲದೆ ಬಾಡಿಗೆಗಿರುತ್ತದೆ. ಪಕ್ಕದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಹದ್ದುಬಸ್ತಿನಲ್ಲಿಡುತ್ತವೆ.

ಗಂಟಲುನೋವಿಗೆಂದು ಆಂಟಿಬಯಾಟಿಕ್ ನುಂಗಿದಿರಿ ಎನ್ನಿ. ರೋಗದ ಬ್ಯಾಕ್ಟೀರಿಯಾಗಳ ಜೊತೆ ಈ ಕಾವಲುಗಾರರೂ ಸಾಯುತ್ತಾರೆ. ಬಾಡಿಗೆದಾರ ಮನೆ ಯಜಮಾನನಾಗುತ್ತಾನೆ. ಸಕ್ಕರೆ ಕಾಯಿಲೆ, ಗರ್ಭಾವಸ್ಥೆ, ಸ್ಟಿರಾಯ್ಡ್ ಔಷಧಿ, ಕುಗ್ಗಿದ ರೋಗನಿರೋಧಕ ಶಕ್ತಿಯಿಂದಲೂ ಹೀಗಾಗಬಹುದು. ಮುಂಬಯಿಯ ಜುಲೈ ಮಳೆಯಲ್ಲಿ ಒದ್ದೆ ಬಟ್ಟೆಯಲ್ಲೇ ಲೋಕಲ್ ಹತ್ತಿ ದಿನವಿಡೀ ಕಳೆಯುವವರ ತೊಡೆಸಂದಿಯ ಚರ್ಮಕ್ಕೂ ಇದು ಅಂಟಿಕೊಳ್ಳುತ್ತದೆ.

ಇದು ಹೆಣ್ಣುಮಕ್ಕಳ ಕಾಯಿಲೆ ಮಾತ್ರವಲ್ಲ. ಗಂಡಸರ ಶಿಶ್ನದ ತುದಿಯಲ್ಲಿ, ಮಗುವಿನ ನಾಲಿಗೆಯ ಮೇಲೆ, ಹಲ್ಲುಸೆಟ್ಟು ಕಟ್ಟಿಸಿಕೊಂಡ ಅಜ್ಜನ ಅಂಗುಳಿನಲ್ಲಿ, ಉಬ್ಬಸಕ್ಕೆ ಸ್ಟಿರಾಯ್ಡ್ ಇನ್ಹೇಲರ್ ಬಳಸಿ ಬಾಯಿ ಮುಕ್ಕಳಿಸದವರ ಗಂಟಲಲ್ಲಿ ಕೂಡ ಬರುತ್ತದೆ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಯೋನಿಯ ಯೀಸ್ಟ್ ಸೋಂಕು ಬರುತ್ತದೆಂದು ಅಂದಾಜು. ಇದನ್ನು ಲೈಂಗಿಕ ರೋಗವೆಂದು ಎಣಿಸುವುದಿಲ್ಲ. ಮದುವೆಯಾಗದವರಿಗೂ ಬರುತ್ತದೆ. "ಕನ್ಯೆ ಸ್ತ್ರೀರೋಗ ತಜ್ಞರಲ್ಲಿಗೆ ಏಕೆ ಹೋದಳು?" ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

ಮಣ್ಣಿನಿಂದ ಮಾತ್ರೆಯವರೆಗೆ

1950ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 'ನಿಸ್ಟಾಟಿನ್' ಎಂಬ ಶಿಲೀಂಧ್ರನಾಶಕವನ್ನು ಪಡೆದರು. ತಮ್ಮ ರಾಜ್ಯದ ಹೆಸರನ್ನೇ ಔಷಧಿಗಿಟ್ಟರು. ಅದು ಒಳ್ಳೆಯ ಔಷಧಿಯೇ. ಆದರೆ ನುಂಗಿದರೆ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ. ಹಚ್ಚಿದ ಜಾಗದಲ್ಲಿ, ಮುಟ್ಟಿದ ಜಾಗದಲ್ಲಿ ಮಾತ್ರ ಅದರ ಕೆಲಸ.

ನುಂಗಿದ ಮೇಲೆ ರಕ್ತಕ್ಕೆ ಸೇರಿ ದೇಹದ ಮೂಲೆಮೂಲೆಗೂ ತಲಪುವ ಫ್ಲುಕೊನಜೋಲ್ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಹುಟ್ಟಿತು. ಅಮೆರಿಕದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿದ್ದು 1990ರಲ್ಲಿ. ಶಿಲೀಂಧ್ರದ ಜೀವಕೋಶದ ಪೊರೆಗೆ 'ಎರ್ಗೊಸ್ಟೆರಾಲ್' ಎಂಬ ಕೊಬ್ಬಿನಂಥ ವಸ್ತು ಬೇಕು. ನಮ್ಮ ಜೀವಕೋಶಗಳಲ್ಲಿ ಆ ಜಾಗದಲ್ಲಿರುವುದು ಕೊಲೆಸ್ಟೆರಾಲ್. ಫ್ಲುಕೊನಜೋಲ್ ಎರ್ಗೊಸ್ಟೆರಾಲ್ ತಯಾರಿಕೆಯನ್ನೇ ತಡೆಯುತ್ತದೆ. ಸಿಮೆಂಟಿಲ್ಲದ ಗೋಡೆಯಂತೆ ಶಿಲೀಂಧ್ರದ ಪೊರೆ ಸಡಿಲವಾಗುತ್ತದೆ.

ಸಾಮಾನ್ಯ ಯೋನಿ ಸೋಂಕಿಗೆ 150 ಮಿಲಿಗ್ರಾಮಿನ ಒಂದೇ ಮಾತ್ರೆ ಸಾಕಾಗುತ್ತದೆ. ಗುಣ ಕಾಣಲು ಎರಡು ಮೂರು ದಿನ ಬೇಕಾಗಬಹುದು. ಸೋಂಕು ಜೋರಾಗಿದ್ದರೆ 72 ಗಂಟೆಗಳ ಅಂತರದಲ್ಲಿ ಎರಡು ಅಥವಾ ಮೂರು ಮಾತ್ರೆಗಳನ್ನು ವೈದ್ಯರು ಹೇಳುತ್ತಾರೆ. ವರ್ಷಕ್ಕೆ ಮೂರು ಅಥವಾ ಹೆಚ್ಚು ಸಲ ಮರುಕಳಿಸಿದರೆ, ಮೊದಲು ಸೋಂಕನ್ನು ಅಡಗಿಸಿ, ನಂತರ ವಾರಕ್ಕೊಂದರಂತೆ ಆರು ತಿಂಗಳು ಕೊಡುವ ಕ್ರಮವೂ ಉಂಟು. ಇದು ನಾವು ನೀವು ಲೆಕ್ಕ ಹಾಕುವ ವಿಷಯವಲ್ಲ.

ಮೂರು ತಪ್ಪು, ಮೂರು ಎಚ್ಚರ

ಮೊದಲ ತಪ್ಪು, ತುರಿಕೆಯೆಲ್ಲ ಯೀಸ್ಟ್ ಎಂದುಕೊಳ್ಳುವುದು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮಗೆ ಯೀಸ್ಟ್ ಸೋಂಕಾಗಿದೆಯೆಂದು ತಾವೇ ಔಷಧಿ ಕೊಂಡ ಹೆಂಗಸರನ್ನು ಪರೀಕ್ಷಿಸಿದಾಗ, ಬರೀ ಯೀಸ್ಟ್ ಸೋಂಕಿದ್ದದ್ದು ಮೂವರಲ್ಲಿ ಒಬ್ಬರಿಗಷ್ಟೇ. ಮೊಸರಿನ ಗಡ್ಡೆಯಂಥ ಬಿಳಿ ಸ್ರಾವ, ತುರಿಕೆ, ಉರಿ ಯೀಸ್ಟ್‌ನ ಲಕ್ಷಣ. ಮೀನಿನಂಥ ವಾಸನೆಯಿದ್ದರೆ ಬ್ಯಾಕ್ಟೀರಿಯಾದ ತೊಂದರೆ ಇರಬಹುದು. ಹಳದಿ ಹಸಿರು ಸ್ರಾವವಿದ್ದರೆ ಬೇರೆಯೇ ರೋಗ. ಅವುಗಳ ಔಷಧಿಯೂ ಬೇರೆ. ಸ್ರಾವದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅನೇಕ ಸಲ ಅನುಮಾನ ಪರಿಹಾರವಾಗುತ್ತದೆ.

ಎರಡನೆಯ ತಪ್ಪು, ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು. ಹುಳುಕಡ್ಡಿಗೆ ಅಣ್ಣನಿಗೆ ಕೊಟ್ಟ ಗ್ರಿಸಿಯೋಫುಲ್ವಿನ್ ಕ್ಯಾಂಡಿಡಾದ ಕೂದಲನ್ನೂ ಕೊಂಕಿಸದು. ಕ್ಯಾಂಡಿಡಾದಲ್ಲೇ ಫ್ಲುಕೊನಜೋಲಿಗೆ ಬಗ್ಗದ ಜಾತಿಗಳಿವೆ. 2009ರಲ್ಲಿ ಜಪಾನಿನಲ್ಲಿ ಮೊದಲು ಗುರುತಿಸಲಾದ 'ಕ್ಯಾಂಡಿಡಾ ಆರಿಸ್' ಇಂದು ನಮ್ಮ ದೇಶದ ಆಸ್ಪತ್ರೆಗಳಲ್ಲೂ ವೈದ್ಯರಿಗೆ ತಲೆನೋವು. ಬೇಕಾಬಿಟ್ಟಿ ನುಂಗಿದಷ್ಟೂ ಇಂಥವು ಬಲಿಯುತ್ತವೆ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದೇವೆಂದು ಹೇಳದಿರುವುದು. ನಿಮ್ಮ ಅಮ್ಮನಿಗೆ ಸಕ್ಕರೆ ಕಾಯಿಲೆಯಿದ್ದು ಗ್ಲಿಮಿಪಿರೈಡ್ ನುಂಗುತ್ತಿದ್ದಾರೆ ಎನ್ನಿ. ಫ್ಲುಕೊನಜೋಲ್ ಆ ಔಷಧಿಯನ್ನು ದೇಹ ಕರಗಿಸದಂತೆ ತಡೆದು, ಅದರ ಪ್ರಭಾವವನ್ನು ಏರಿಸುತ್ತದೆ. ರಕ್ತದ ಸಕ್ಕರೆ ದಿಢೀರನೆ ಇಳಿದು, ಬೆವರಿ, ನಡುಗಿ, ಅಡುಗೆಮನೆಯಲ್ಲೇ ಕುಸಿಯಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸಿಗೆ ಕೊಡುವ ಫೆನಿಟಾಯ್ನ್, ಕೊಲೆಸ್ಟೆರಾಲ್ ಇಳಿಸುವ ಕೆಲವು ಮಾತ್ರೆಗಳ ಜೊತೆಗೂ ಹೀಗೆಯೇ ಜಗಳವುಂಟು. ಯಕೃತ್ತಿನ ಅಥವಾ ಹೃದಯ ಬಡಿತದ ತೊಂದರೆಯಿದ್ದವರೂ ಮೊದಲೇ ಹೇಳಬೇಕು. ಗರ್ಭಿಣಿಯರಿಗೆ ನುಂಗುವ ಮಾತ್ರೆಯ ಬದಲು ಏಳು ದಿನ ಹಚ್ಚುವ ಅಥವಾ ಒಳಗಿಡುವ ಔಷಧಿಯನ್ನೇ ವೈದ್ಯರು ಆರಿಸುತ್ತಾರೆ.

ಮಾತ್ರೆ ನುಂಗಿದ ಮೇಲೆ ಅಲ್ಪಸ್ವಲ್ಪ ತಲೆನೋವು, ವಾಕರಿಕೆ ಬಂದರೆ ಗಾಬರಿ ಬೇಡ. ಆದರೆ ಕಣ್ಣು ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮೈಮೇಲೆ ಬೊಬ್ಬೆ ಏಳುವುದು, ಇವುಗಳಲ್ಲಿ ಒಂದು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಿ.

ನೀವೇ ದುಭಾಷಿ

ಈಗ ನಿಮ್ಮ ಪಾಲಿನ ಕೆಲಸ. ನೀವು ವೈದ್ಯರ ಜೊತೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಸಲೀಸಾಗಿ ಮಾತನಾಡುತ್ತೀರಿ. ಊರಿನಿಂದ ಬಂದ ಅಜ್ಜಿಗೆ ಆ ಅನುಕೂಲವಿಲ್ಲ. ಅವರು ಕನ್ನಡದಲ್ಲಿ "ಉಷ್ಣ" ಎಂದದ್ದನ್ನು ನೀವು "ಗರ್ಮಿ" ಎಂದು ಅನುವಾದಿಸಿದರೆ ಫಜೀತಿ. ಹಿಂದಿ, ಮರಾಠಿಯಲ್ಲಿ ಆ ಮಾತಿಗೆ ಗುಹ್ಯರೋಗ ಎಂಬ ಹಳೆಯ ಅರ್ಥವೂ ಇದೆ! ಅಜ್ಜಿಯ 'ಉಷ್ಣ'ವನ್ನು ಬಿಡಿಸಿ ಕೇಳಿ. ತುರಿಕೆಯೇ, ಉರಿಯೇ? 'ಬಿಳಿ ಹೋಗುವುದು' ಅಥವಾ 'ಬಿಳಿಸೆರಗು' ಎಂದರೆ ಯೋನಿಸ್ರಾವ. ಎಷ್ಟು ದಿನದಿಂದ, ಯಾವ ಬಣ್ಣ, ವಾಸನೆ ಇದೆಯೇ? ಇಷ್ಟು ಕನ್ನಡ ಕಲಿತರೆ ಅದು ರಾಜ್ಯೋತ್ಸವದ ಭಾಷಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಪ್ಪನಿಗೋ ಅಜ್ಜನಿಗೋ ತೊಂದರೆಯಾದಾಗ ಮಗನೇ ಕೇಳಲಿ. ಹೆಂಗಸರಲ್ಲಿ ಮಗಳು, ಸೊಸೆ ಕೇಳಲಿ.

ಇನ್ನೊಂದು ಮಾತು. ಯೀಸ್ಟ್ ಸೋಂಕು ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆಯ ಮೊದಲ ಸುಳಿವು ಸಿಗುವುದೇ ಇಲ್ಲಿ. ಈಗ ಬಳಕೆಯಲ್ಲಿರುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಸಕ್ಕರೆ ಮಾತ್ರೆಗಳು ಮೂತ್ರದಲ್ಲಿ ಸಕ್ಕರೆಯನ್ನು ಹೊರಹಾಕುತ್ತವೆ. ಅದೇ ಯೀಸ್ಟಿಗೆ ಹಬ್ಬದೂಟ. ಹಾಗೆಂದು ಆ ಮಾತ್ರೆಯನ್ನು ತಾವೇ ನಿಲ್ಲಿಸದೆ ವೈದ್ಯರಿಗೆ ತಿಳಿಸಬೇಕು.

ಜ್ವರ, ಕಿಬ್ಬೊಟ್ಟೆ ನೋವು, ಹುಣ್ಣು ಇದ್ದರೆ, ಇದೇ ಮೊದಲ ಸಲವಾದರೆ, ಗುಣವಾಗಿ ಎರಡು ತಿಂಗಳೊಳಗೆ ಮರಳಿದರೆ ಅಂಗಡಿಯ ಮಾತ್ರೆಯ ತಂಟೆಗೇ ಹೋಗಬೇಡಿ. ಫ್ಲುಕೊನಜೋಲ್ ನಮ್ಮ ಕಾನೂನಿನಂತೆ ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಔಷಧಿ. ಅಂಗಡಿಯವನು ಕೇಳದಿದ್ದರೂ ಚೀಟಿ ನಿಮ್ಮ ಕೈಯಲ್ಲಿರಲಿ. ಹೋಗುವಾಗ ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಇಂದು ರಾತ್ರಿ ಊಟವಾದ ಮೇಲೆ ಅಮ್ಮನನ್ನು ಒಮ್ಮೆ ಕೇಳಿ ನೋಡಿ, "ಅಮ್ಮಾ, ನಿನಗೆ ಯಾವತ್ತಾದರೂ ಹೀಗಾಗಿತ್ತಾ?" ಎಂದು. ಅವರು ಮೊದಲು ಗದರಿಸಿಯಾರು. ಆಮೇಲೆ ಹೇಳುತ್ತಾರೆ.